ಬಳ್ಳಿಯ ಕೆಂಡ

ಮಾರ್ಚ್ ಬಂತು ಅನ್ನುವುದಕ್ಕೆ ತೆಲಾವಿಯಲ್ಲಿ ಸಾಕ್ಷಿ ಇಷ್ಟೇ:
ಹಾಸ್ಟೆಲ್ ಕಿಟಕಿಯ ಸಂದಿಗೆ ತುರುಕಿದ್ದ ಹಳೆಯ ಪೇಪರನ್ನು
ತ್ಸಿಯುರಿ ಕಿತ್ತು ತೆಗೆದಳು.
ಜನವರಿಯ ಸುದ್ದಿಯೆಲ್ಲ ಒದ್ದೆ.
ಒಳಗೆ ಬಂದದ್ದು ಗಾಳಿ, ಒಂದು ನೊಣ,
ಕೆಳಗಿನ ಬೇಕರಿಯ ಬ್ರೆಡ್ಡಿನ ಘಮ.

ಎಂಟಕ್ಕೆ ಮಣ್ಣಿನ ಪಾಠ. ಎಂಟೂಕಾಲಿಗೆ ನಾನು.
ಮೇಷ್ಟ್ರು ಗಡಿಯಾರ ನೋಡುತ್ತಾರೆ, ನನ್ನ ಬೂಟು ನೋಡುತ್ತಾರೆ,
ಕೆಸರು ಪಾಠಕ್ಕೆ ಹೊಂದುತ್ತದೆಂದೋ ಏನೋ, ಸುಮ್ಮನಾಗುತ್ತಾರೆ.
ಮಧ್ಯಾಹ್ನ ಲೈಬ್ರರಿಯಲ್ಲಿ ದಂಡ.
ಬಸ್ ಸ್ಟ್ಯಾಂಡಿನ ನಾಯಿಗೆ ನನ್ನ ಬನ್ನಿನಲ್ಲಿ ಪಾಲು.
ಸಂಜೆ ತಂತಿಯ ಮೇಲೆ ಎಂಟು ಕಾಲುಚೀಲ,
ಜೋಡಿ ಮೂರೇ.

ಶನಿವಾರ ಸೋದರಮಾವ ವಾಝಾನ ತೋಟ.
ದ್ರಾಕ್ಷಿಬಳ್ಳಿ ಸವರುವ ಕಾಲ, ಈಗಾಗಲೇ ತಡ.
ಕತ್ತರಿ ಬಿದ್ದಲ್ಲೆಲ್ಲ ಒಂದು ಹನಿ ಮೂಡಿ,
ತೂಗಿ, ತೊಟ್ಟಿಕ್ಕುತ್ತದೆ.
ಬೇರಿನ ಒತ್ತಡ, ಅಂದೆ. ಪರೀಕ್ಷೆಯಲ್ಲಿ ಎರಡಂಕದ ಪ್ರಶ್ನೆ.
ಅಳುತ್ತಿದೆ, ಅಂದ ವಾಝಾ. ಅಳಲಿ ಬಿಡು.

ಈ ಸಲ ಬೆಂಕಿ ನಾನು ಹಾಕುತ್ತೇನೆ, ಅಂದೆ.
ಗಂಡಸರು ನಕ್ಕರು.
ನಮ್ಮಲ್ಲಿ ಬಯಲಲ್ಲಿ ಮಾಂಸ ಸುಡುವುದು ಅವರ ಕೆಲಸ,
ಅದನ್ನು ಹೊಗಳುವುದು ಉಳಿದವರ ಕೆಲಸ.
ಆಗಷ್ಟೇ ಸವರಿದ ಹಸಿ ಬಳ್ಳಿಯನ್ನೇ ಒಟ್ಟಿ
ಕಡ್ಡಿ ಗೀರಿದೆ.
ಹೊಗೆ.
ಮತ್ತೆ ಗೀರಿದೆ. ಹೊಗೆ.
ಪಕ್ಕದ ತೋಟದ ಕತ್ತೆಯೂ ಸೀನಿತು.

ವಾಝಾ ಬೈಯಲಿಲ್ಲ. ಕೊಟ್ಟಿಗೆಯ ಮಾಡಿನ ಕಡೆ ಗದ್ದ ಎತ್ತಿದ:
ಹೋದ ವರ್ಷದ ಬಳ್ಳಿಯ ಕಟ್ಟುಗಳು,
ಮುರಿದರೆ ಲಟಕ್ಕೆನ್ನುವಷ್ಟು ಒಣಗಿ,
ಒಂದರೊಳಗೆ ಗುಬ್ಬಿಯ ಹಳೇ ಗೂಡು.
ಗೂಡು ಬಿಡಿಸಿ ಪಕ್ಕಕ್ಕಿಟ್ಟೆ.

ಉರಿ ಎದ್ದಿತು, ಆಳೆತ್ತರ!
ಸರಳಿಗೆ ಮಾಂಸ ಪೋಣಿಸಿಕೊಂಡು
ಯುದ್ಧಕ್ಕೆ ಹೊರಟವಳಂತೆ ನುಗ್ಗಿದೆ.
ಮಾವ ಮೊಣಕೈ ಹಿಡಿದ. ತಡಿ, ಮೇಲಾನೋ.
ಎಷ್ಟು ಹೊತ್ತು?
ಅದರ ಜಂಬ ಇಳಿಯುವಷ್ಟು ಹೊತ್ತು.

ತಡೆಯುವುದನ್ನು ಯಾವ ಸೆಮಿಸ್ಟರಿನಲ್ಲೂ ಕಲಿಸಿಲ್ಲ.
ಈರುಳ್ಳಿಯನ್ನು ಬಳೆಬಳೆಯಾಗಿ ಹೆಚ್ಚಿದೆ.
ಕಣ್ಣೀರನ್ನು ತೋಳಿಗೆ ಒರೆಸಿಕೊಂಡೆ.
ಫೋನ್ ತೆಗೆದೆ: ಸೋಮವಾರ ಟೆಸ್ಟು. ಫೋನ್ ಇಟ್ಟೆ.
ಅಲಜಾನಿ ಕಣಿವೆಯ ಆಚೆ ಕಾಕಸಸ್ಸಿನ ನೆತ್ತಿಯಲ್ಲಿ ಇನ್ನೂ ಹಿಮ,
ಈಚೆ ಉಪ್ಪಿನ ಬಟ್ಟಲಿಗೆ ಬಿದ್ದ ಪೀಚ್ ಹೂವಿನ ಒಂದು ಎಸಳು.
ಅದನ್ನು ತೆಗೆಯಲೋ ಬೇಡವೋ ಎಂದು
ಬಹಳ ಹೊತ್ತು ಯೋಚಿಸಿದೆ.

ಬೂದಿ ಮುಚ್ಚಿದ ಕೆಂಡ ಅನ್ನುತ್ತಾರಲ್ಲ,
ಒಳಗೊಳಗೇ ಕುದಿಯುವವರನ್ನು ಕುರಿತು,
ಹತ್ತಿರ ಹೋಗಬೇಡ ಎಂಬ ಅರ್ಥದಲ್ಲಿ.
ಇಲ್ಲಿ ಅದೇ ಹದ.
ಹತ್ತಿರ ಬಾ ಎಂಬ ಅರ್ಥ.
ಅಂಗೈ ಚಾಚಿ ಎಣಿಸು, ಅಂದ.
ಒಂದು, ಎರಡು, ಮೂರು, ನಾಲ್ಕು,
ಐದಕ್ಕೆ ಕೈ ತಾನಾಗಿ ಹಿಂದೆ ಬಂತು.
ಸರಿಯಾಗಿದೆ, ಅಂದ. ನನಗಲ್ಲ, ಕೆಂಡಕ್ಕೆ.

ಮೊದಲ ಸರಳು ಒಂದು ಮಗ್ಗುಲು ಕರಕಲು, ಇನ್ನೊಂದು ಹಸಿ.
ಎರಡನೆಯದು ಬೂದಿಗೆ ಬಿತ್ತು, ನಾಯಿಗೆ ಹಬ್ಬ.
ಮೂರನೆಯದರಿಂದ ಒಂದು ತುಂಡು ಬಾಯಿಗಿಟ್ಟುಕೊಂಡು
ವಾಝಾ ನಿಧಾನ ಅಗಿದ,
ಕೋರ್ಟಿನಲ್ಲಿ ತೀರ್ಪು ಓದುವ ಮುಂಚಿನ ಮುಖ.
ಉಪ್ಪು?
ಮರೆತೆ.
ತಾನೇ ಒಂದು ಚಿಟಿಕೆ ಉದುರಿಸಿ, ಎಸಳೂ ಸೇರಿ,
ಇನ್ನೊಂದು ತುಂಡು ತಗೊಂಡ.
ನಕ್ಕಿದ್ದವರೆಲ್ಲ ಬ್ರೆಡ್ಡು ಹರಿದುಕೊಂಡು ಬಂದರು.
ಆಮೇಲೆ ಯಾರೂ ನಗಲಿಲ್ಲ; ಹೊಗಳಲೂ ಇಲ್ಲ,
ಬಾಯಿ ಖಾಲಿ ಇರಲಿಲ್ಲ.

ಭಾನುವಾರ ರಾತ್ರಿ ತ್ಸಿಯುರಿ ಮೂಗು ಮುಚ್ಚಿಕೊಂಡಳು:
ನಿನ್ನ ಕೂದಲೊಂದು ಒಲೆ. ಕಿಟಕಿ ತೆಗೆ.
ತೆಗೆದೇ ಇತ್ತು.

ಸೋಮವಾರ ಎಂಟಕ್ಕೆ ಟೆಸ್ಟು. ಎಂಟಕ್ಕೇ ನಾನು.
ತೋರುಬೆರಳಿನ ಬೊಬ್ಬೆ ಎಡಗೈಯದು, ಬರೆಯಲು ಅಡ್ಡಿಯಿಲ್ಲ.
ಆರನೇ ಪ್ರಶ್ನೆ: ವಸಂತದಲ್ಲಿ ಸವರಿದ ಬಳ್ಳಿಯಿಂದ
ರಸ ಒಸರುವುದೇಕೆ? ಎರಡು ಅಂಕ.
ಬೇರಿನ ಒತ್ತಡ ಎಂದು ಬರೆದೆ.
ಹತ್ತು ನಿಮಿಷ ಉಳಿದಿತ್ತು.
ಕೆಳಗೆ ಇನ್ನೊಂದು ಸಾಲು ಬರೆದು
ಹೊಡೆದುಹಾಕಿದೆ, ಒಂದೇ ಗೆರೆಯಲ್ಲಿ,
ಓದಲು ಬರುವ ಹಾಗೆ.