ಹನ್ನೆರಡು ಮಿಲಿಸೆಕೆಂಡು

ದಾವಣಗೆರೆ ಪಿ.ಬಿ. ರಸ್ತೆ, ಮೂರನೇ ಮಹಡಿ.
ಕೆಳಗೆ ಟೈರಿನಂಗಡಿ, ಮೇಲೆ ನಾನು.
ನನ್ನ ಬಲಗೈ ಮಾತ್ರ ಇರುವುದು
ಅರವತ್ತು ಕಿಲೋಮೀಟರು ಆಚೆ
ದುರ್ಗದ ಬಂಡೆಯ ಮೇಲೆ.

ಇಲ್ಲಿ ಕೋಲು ಮುಂದೊತ್ತಿದರೆ
ಅಲ್ಲಿ ಉಕ್ಕಿನ ತೋಳು ಏಳುತ್ತದೆ.
ನಡುವೆ ಹನ್ನೆರಡು ಮಿಲಿಸೆಕೆಂಡು, ಅನ್ನುತ್ತಾನೆ ಕೊಟ್ರೇಶಿ,
ರೆಪ್ಪೆ ಬಡಿಯೋಕೆ ಇದರ ಹತ್ತುಪಟ್ಟು ಬೇಕಕ್ಕಾ.
ಇರಬಹುದು.
ಅವ್ವ ಬಸುರಿಯಲ್ಲಿ ಬಾಂಡ್ಲಿ ಹೊತ್ತು ಏಣಿ ಹತ್ತುವಾಗ
ಕೊಡುವ ಕೈಗೂ ಹಿಡಿಯುವ ಕೈಗೂ
ಅಷ್ಟು ತಡವೂ ಇರಲಿಲ್ಲ.
ಇದ್ದಿದ್ದರೆ ನಾನಿರುತ್ತಿರಲಿಲ್ಲ.

ಕೆಲಸ ಇಷ್ಟೇ: ನೀರಿನ ಟ್ಯಾಂಕಿಗೆ ಪಾಯ.
ಎಂಟಡಿ ಬಂಡೆ, ಸುತ್ತ ಒತ್ತೊತ್ತಾಗಿ ಮನೆ,
ಮದ್ದು ಸಿಡಿಸುವಂತಿಲ್ಲ.
ಕೊರೆಯುವುದೊಂದು ಯಂತ್ರ, ಕಂಬಿ ಕಟ್ಟುವುದೊಂದು,
ನಾಲ್ಕು ಕಾಲಿನ, ತಲೆಯಿಲ್ಲದ ಇನ್ನೊಂದು
ಸಂಜೆ ಸುತ್ತು ಹಾಕಿ ಅಳತೆ ತೆಗೆಯುತ್ತದೆ.
ಕಾವಲಿನ ತಿಪ್ಪೇರುದ್ರ ಅದನ್ನು ಕರಿಯಾ ಎಂದು ಕರೆಯುತ್ತಾನೆ.
ಬೀದಿನಾಯಿಗಳು ಮೊದಲ ವಾರ ಬೊಗಳಿದವು;
ಈಗ ಅದು ಚಾರ್ಜಿಗೆ ನಿಂತಾಗ
ಹೊಟ್ಟೆಯಡಿಯ ನೆರಳಲ್ಲಿ ಮಲಗುತ್ತವೆ.

ದುರ್ಗದ ಕಲ್ಲು ಯಾರಿಗೂ ಸುಲಭಕ್ಕೆ ದಾರಿ ಬಿಟ್ಟದ್ದಲ್ಲ,
ಅಲೆಗಳಿಗೆ ಬಿಟ್ಟೀತೇ?
ಒಂದು ದಿನ ಚಿತ್ರ ಕೈಕೊಟ್ಟು
ತೋಳು ಗಾಳಿಯಲ್ಲೇ ನಿಂತಿತು,
ಶಾಪ ಹಾಕಲು ಎತ್ತಿ
ಯಾರಿಗೆಂದು ಮರೆತ ಕೈಯಂತೆ.
ಆಮೇಲೆ ಕೊಟ್ರೇಶಿ ಗುಡ್ಡದ ಹೆಗಲಿಗೆ
ಒಂದು ಪುಟ್ಟ ಟವರು ನೆಟ್ಟು ಬಂದ.

ಚಿತ್ರಕ್ಕೆ ಆಮೇಲೆ ಕುಂದಿಲ್ಲ. ಉಳಿಯ ಮೊನೆಯ ಧೂಳೂ ಕಾಣುತ್ತಿತ್ತು.
ಕೇಳುತ್ತಿರಲಿಲ್ಲ.
ಸದ್ದು ಯಾಕೆ ಬೇಕು, ಬರೀ ಗದ್ದಲ, ಎಂದು
ದನಿಯನ್ನು ಅಲ್ಲೇ ಬಿಟ್ಟು ಚಿತ್ರ ಮಾತ್ರ ಕಳಿಸುತ್ತಿದ್ದರು.

ಅಪ್ಪ ಒಡೆಯುವ ಮೊದಲು
ಮೂರು ಸಲ ಕಲ್ಲು ತಟ್ಟುತ್ತಿದ್ದ,
ಪರರ ಮನೆ ಬಾಗಿಲು ತಟ್ಟಿದ ಹಾಗೆ.
ಟಣ್ ಅಂದರೆ ಗಟ್ಟಿ.
ಟಪ್ ಅಂದರೆ ಒಳಗೆ ಬಿರುಕು, ದೂರ ನಿಲ್ಲು.
ಇನ್ನೊಂದು ದನಿಯಿತ್ತು, ಎಳೆದು ಎಳೆದು ಆರುವುದು;
ಅದರ ಹೆಸರು ಹೇಳಲಿಲ್ಲ,
ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದ.

ಕಿವಿ ಕೊಡಿಸು ಮಾರಾಯಾ, ಎಂದು ಒಂದು ವಾರ ಕಾಡಿದೆ.
ಕೊನೆಗೆ ಬೈಂಡಿಂಗ್ ತಂತಿಯಲ್ಲಿ
ಉಕ್ಕಿನ ಮೊಣಕೈಗೊಂದು ಮೈಕು ಕಟ್ಟಿದ.
ಮೊದಲು ಕೇಳಿದ್ದು ಯಾರದೋ ಕುಕ್ಕರಿನ ಸೀಟಿ.
ಸೊಪ್ಪು ಮಾರುವವಳು. ಹೋಮ್‌ವರ್ಕಿಗೆ ಏಟು ತಿಂದ ಹುಡುಗ.
ಆಮೇಲೆ, ನಾನು ತಟ್ಟಿದಾಗ, ಕಲ್ಲು:
ಟಪ್.

ಪರದೆ ತುಂಬ ಹಸಿರು ದೀಪ,
ನಾನು ತೋಳು ಹಿಂದಕ್ಕೆಳೆದೆ.
ಯಾಕೆ ನಿಂತ್ರಿ? ನೆಟ್‌ವರ್ಕ್ ಹೋಯ್ತಾ?
ಇಲ್ಲ, ಬಂತು, ಎಂದೆ.
ಕರಿಯನನ್ನು ಕಳಿಸಿದರು. ಬೆರಳು ತೂರುವ ಬಿರುಕು
ಆ ಹುಡುಗನ ಬಚ್ಚಲ ಗೋಡೆಯಡಿಗೇ ಹೋಗಿತ್ತು.

ಕೆಲಸ ಮೂರು ದಿನ ನಿಂತಿತು. ನನ್ನ ಮೂರು ದಿನದ ಭತ್ಯೆಯೂ.
ವರದಿಯಲ್ಲಿ ಬರೆದರು:
ಸೆನ್ಸರ್ ಬಿರುಕನ್ನು ಪತ್ತೆ ಹಚ್ಚಿತು.

ರಾತ್ರಿ ಮನೆಗೆ ಹೋಗಿ ಆ ದನಿ ಹಾಕಿದೆ.
ನಲವತ್ತು ವರ್ಷ ಕಲ್ಲು ಕೇಳಿದ ಅಪ್ಪನಿಗೆ
ಈಗ ಏನೂ ಕೇಳುವುದಿಲ್ಲ.
ಫೋನಿನ ಬೆನ್ನಿಗೆ ಅಂಗೈ ಒತ್ತಿ
ಕಣ್ಣು ಮುಚ್ಚಿ ಕೂತ.
ಇನ್ನೊಂದ್ಸಲ, ಅಂದ.
ಮತ್ತೆ ಇನ್ನೊಂದ್ಸಲ.
ಬಿಸ್ಲು ಕುಡ್ದ ಕಲ್ಲು. ಮಧ್ಯಾಹ್ನ ಮುಟ್ಟಬ್ಯಾಡ.

ನಾಲ್ಕನೇ ದಿನದಿಂದ ನನ್ನ ಪಾಳಿ ಬೆಳಗಿನ ಜಾವ ಐದಕ್ಕೆ.
ಯಾಕೆಂದು ಕೊಟ್ರೇಶಿ ಕೇಳಿದ.
ಆ ಹೊತ್ತಲ್ಲಿ ಸಿಗ್ನಲ್ ಚೆನ್ನಾಗಿರುತ್ತೆ ಕಣೋ, ಎಂದೆ.
ತಲೆಯಾಡಿಸಿ ಬರೆದುಕೊಂಡ.