ಐನೂರು ಮೀಟರ್

ಬುಟ್ಟಿ ಇಳಿಸುತ್ತ ಶೇವಂತಿ ಹೇಳುತ್ತಾಳೆ,
"ಮುದಗಾ ಬಂದರಿನ ಬಂಗಡೆ, ಬರ್ಫು ಮುಟ್ಟಿಸಿಲ್ಲ."
ಆಮೇಲೆ, ಸೆರಗಿನಿಂದ ಕತ್ತು ಒರೆಸಿಕೊಂಡು,
"ನೀನು ದರ್ಯಾದಲ್ಲೇ ಇರೋನಲ್ವಾ ರೋಹಿದಾಸ,
ಹೇಗಿದೆ ಈ ಸಲ ನೀರು?"

ನನಗೆ ಗೊತ್ತಿಲ್ಲ.
ಹದಿನಾಲ್ಕು ವರ್ಷ ಸಮುದ್ರದ ನಡುವೆ ಇದ್ದೇನೆ,
ಕಾಲು ತೋಯಿಸಿಲ್ಲ.
ಮುಂಬೈಯಿಂದ ಹೆಲಿಕಾಪ್ಟರಿನಲ್ಲಿ ಐವತ್ತು ನಿಮಿಷ,
ಇಳಿದು ಮೂರು ಬಾಗಿಲು ದಾಟಿದರೆ ನನ್ನ ಕುರ್ಚಿ.
ಕಂಟ್ರೋಲ್ ರೂಮಿಗೆ ಕಿಟಕಿಯಿಲ್ಲ.
ಆರು ಪರದೆ, ಎರಡು ಫೋನು, ಒಂದು ರೇಡಿಯೊ,
ಯಾರೋ ಬಿಟ್ಟುಹೋದ ಕಂದು ಸ್ವೆಟರು;
ಎಸಿಯ ಚಳಿಗೆ ಪಾಳಿಯವರೆಲ್ಲ ಹಾಕಿಕೊಳ್ಳುವುದು ಅದನ್ನೇ.
ಅಲೆ ಅಂದರೆ ಪರದೆಯ ಮೂಲೆಯಲ್ಲೊಂದು ಅಂಕಿ.
ಎರಡು ಪಾಯಿಂಟ್ ಒಂದು. ಎರಡು ಪಾಯಿಂಟ್ ನಾಲ್ಕು.
ಹೆಚ್ಚಾದರೆ ಕ್ರೇನ್ ನಿಲ್ಲಿಸು.

ಹಸಿರು ಅಂದರೆ ಕ್ಷೇಮ ಎಂದುಕೊಳ್ಳುತ್ತಾರೆ ಹೊರಗಿನವರು.
ನಮ್ಮಲ್ಲಿ ಕ್ಷೇಮಕ್ಕೆ ಬಣ್ಣವಿಲ್ಲ.
ಎಲ್ಲ ಸರಿ ಇರುವಾಗ ಪರದೆ
ಆಷಾಢದ ಕಾಳಿ ನದಿಯ ಹಾಗೆ ಬೂದು,
ಕೊಳವೆ ಬೂದು, ವಾಲ್ವು ಬೂದು,
ನಾಲ್ಕು ಗಂಟೆಯ ಹೊತ್ತಿಗೆ ನೋಡುವ ನಾನೂ.

ರಜೆಗೆ ಬಂದರೂ ನಿದ್ದೆ ಇನ್ನೂ ರಾತ್ರಿಪಾಳಿಯಲ್ಲಿದೆ.
ತೋಡೂರು ಕಾಲೊನಿಯ ನಡುರಾತ್ರಿ
ಫ್ರಿಜ್ಜಿನ ಗುಂಯ್ ನಿಂತರೆ ಎಚ್ಚರ.
ಸದ್ದಿಗಲ್ಲ, ನಾವು ಏಳುವುದು ಸದ್ದು ನಿಂತಾಗ.
ಎದ್ದು ಸಿಲಿಂಡರಿನ ರೆಗ್ಯುಲೇಟರ್ ಮುಟ್ಟಿ ಬರುತ್ತೇನೆ,
ಮಲಗಿ, ಮತ್ತೆ ಎದ್ದು, ಇನ್ನೊಂದು ಸಲ.
ಕುಕ್ಕರ್ ಉಸಿರು ಕಟ್ಟುವ ಮೊದಲೇ ಒಲೆಯ ಹತ್ತಿರ ನಾನು.
ಸುಲಕ್ಷಾ ನಗುತ್ತಾಳೆ:
"ಬೇಳೆ ಬೇಯಲಿ ಬಿಡಿ ಮಾರಾಯ್ರೆ,
ಇದಕ್ಕೆ ಯಾರೂ ರಿಪೋರ್ಟ್ ಕೇಳೂದಿಲ್ಲ."

ಅವಳಿಗೂ ಹೇಳದ್ದು ಒಂದಿದೆ.

ಫೆಬ್ರವರಿ. ರಾತ್ರಿ ಎರಡು ನಲವತ್ತು.
ರಡಾರಿನಲ್ಲೊಂದು ಅಕ್ಕಿಕಾಳು, ನಮ್ಮ ಕಡೆಗೇ.
ಹದಿನಾರನೇ ಚಾನೆಲ್ಲಿನಲ್ಲಿ ಕರೆದೆ,
ಮೊದಲು ಇಂಗ್ಲಿಷು, ಆಮೇಲೆ ಹಿಂದಿ:
ಐನೂರು ಮೀಟರ್ ಒಳಗೆ ಬರಬೇಡಿ.
ಐನೂರು ಮೀಟರ್ ಒಳಗೆ ಬರಬೇಡಿ.
ಗರಗರ. ಗಾಳಿ. ಆಮೇಲೆ ಒಂದು ದನಿ,
ಹಿಂದಿಯೆಂದುಕೊಂಡು ಆಡಿದ ನಮ್ಮ ಕಡೆಯ ಕೊಂಕಣಿ:
ಇಂಜಿನ್ ಕೆಟ್ಟಿದೆ ಸಾಹೇಬ, ತೇಲ್ತಾ ಇದ್ದೇವೆ,
ನಿಮ್ಮ ದೀಪದ ಅಡಿಗೆ ಬೊಂಡಾಸ ಸೇರ್ತದೆ ಅಂತ
ಈ ಕಡೆ ಬಂದದ್ದೂ ಸುಳ್ಳಲ್ಲ.

ಅರ್ಗಾದ ಮನೆ ಬಿಟ್ಟ ವರ್ಷ ನನಗೆ ಒಂಬತ್ತು.
ಅಪ್ಪನ ದೋಣಿಗೆ ಗಸ್ತಿನ ಬೋಟಿನಿಂದ ಧ್ವನಿವರ್ಧಕ:
ಇದರಾಚೆ ಬರಬೇಡಿ, ಇದರಾಚೆ ಬರಬೇಡಿ.
ಅಪ್ಪ ಅರ್ಥವಾಗದೆ ಕೈಯೆತ್ತಿ ನಮಸ್ಕಾರ ಮಾಡಿದ.
ನಾನು ಬಲೆಯ ಮೇಲೆ ಕೂತು
ಆ ದನಿಯ ಮುಖ ಯಾವುದೆಂದು ಹುಡುಕಿದೆ.
ಎಷ್ಟು ನೋಡಿದರೂ ಕಿಟಕಿ ಕಾಣಲಿಲ್ಲ.

ನಿಯಮ ಇಷ್ಟೇ: ಕಾವಲಿನ ಹಡಗಿಗೆ ಹೇಳು,
ಹಗ್ಗ ಕಟ್ಟಿಸು, ದೂರ ಎಳೆಸು, ಬರೆದಿಡು.
ಹೇಳಿದೆ. ಹಡಗು ಬರಲು ನಲವತ್ತು ನಿಮಿಷ.
ಅಷ್ಟು ಹೊತ್ತು ಆ ದನಿ ಒಂಟಿಯಾಗದಿರಲೆಂದು
ಕೊಂಕಣಿಗೆ ಇಳಿದೆ.
ಎಷ್ಟು ಜನ? ಏಳು.
ಊಟ ಆಯ್ತಾ? ಗಂಜಿ ಇತ್ತು, ಚೆಲ್ಲಿತು.
ಯಾವ ಊರು?
"ಮುದಗಾ," ಎಂದಿತು. ಗಾಳಿ.
"ಮೊದಲು ಅರ್ಗಾ."

ಬಟನ್ನಿನ ಮೇಲೆ ಬೆರಳಿತ್ತು. ಒತ್ತಲಿಲ್ಲ.
"ಕೊಂಕಣಿ ಚಲೋ ಬರ್ತದಲ್ಲ ಸಾಹೇಬ, ನಿಮ್ಮದು ಎಲ್ಲಿ?"
ನಾನೂರ ಎಂಬತ್ತು. ನಾನೂರ ಅರವತ್ತು.
ಅಲೆಯ ಅಂಕಿ ಎರಡು ಪಾಯಿಂಟ್ ಒಂದರಲ್ಲೇ ನಿಂತಿತ್ತು.
"ಪ್ಲಾಟ್‌ಫಾರ್ಮ್," ಅಂದೆ.
"ಕಂಟ್ರೋಲ್ ರೂಮ್."

ಲಾಗಿನಲ್ಲಿ ಒಂದು ಸಾಲು:
ಮೀನುಗಾರಿಕೆ ಬೋಟು, ಇಂಜಿನ್ ದೋಷ, ಎಳೆಸಲಾಯಿತು.
ಹಗ್ಗ ಬಿಗಿದ ಮೇಲೆ ಆ ದನಿ ನನಗೆ ಥ್ಯಾಂಕ್ಯೂ ಎಂದದ್ದು
ಇಂಗ್ಲಿಷಿನಲ್ಲಿ.

ಶೇವಂತಿ ಇನ್ನೂ ಕಾಯುತ್ತಿದ್ದಾಳೆ,
ಕೈಯಲ್ಲಿ ಬಾಲ ಹಿಡಿದ ಬಂಗಡೆ.
"ಎರಡು ಪಾಯಿಂಟ್ ಒಂದು," ಎನ್ನುತ್ತೇನೆ.
"ಎರಡು ಪಾಲಾ?"
ಹೂಂ ಎಂದೆ. ಎರಡು ಪಾಲು ಎಣಿಸಿ ಸುರಿದಳು,
ಮೇಲೊಂದು ಸುಮ್ಮನೆ ಹಾಕಿದಳು.

ಒಳಗೆ ಕುಕ್ಕರಿನ ಮೊದಲ ಸೀಟಿ.
ಮೀನಿನ ನೀರು ಅಂಗಾಲಿಗೆ ಹರಿದು ಬರುತ್ತಿತ್ತು,
ಅಲ್ಲೇ ನಿಂತೆ.