ಆಳೋ, ಸರಕೋ

ಎಪ್ಪತ್ತೈದು ತುಂಬಿತಂತೆ ಕಂಪನಿಗೆ.
ಚರಿತ್ರೆ ಬರೆದುಕೊಡಿ ಎಂದರು ಹೊಸ ಮಾಲೀಕರು
ಸಾಂತಿಯಾಗೋದಿಂದ, ಫೋನಿನಲ್ಲಿ.
ಎರಡು ಪುಟ ಸಾಕು. ಟನ್ನುಗಳ ಲೆಕ್ಕ ಇರಲಿ. ಹಳೆಯ ಚಿತ್ರ ನಾಲ್ಕು.
ನಾನು ಮೂವತ್ತೊಂದು ವರ್ಷ ಟಿಕೆಟ್ ಹರಿದವಳು,
ಹರಿಯುವುದು ಗೊತ್ತು, ಬರೆಯುವುದು ಗೊತ್ತಿಲ್ಲ.

ಮೊದಲು ಇದ್ದದ್ದು ಒಂದೇ ಹಾಯಿದೋಣಿ,
ಅಪ್ಪ ಸತ್ತಾಗ ಅಕ್ಕತಂಗಿಯರ ಪಾಲಿಗೆ ಬಂದದ್ದು.
ಅಕ್ಕ ಎದುವಿಖೆಸ್ ಚುಕ್ಕಾಣಿಗೆ, ತಂಗಿ ಓಟೀಲಿಯಾ ಕಿರ್ದಿಗೆ.
ಚಿಲೋಯೆಯ ಚೂರುಚೂರು ದ್ವೀಪಗಳ ನಡುವೆ
ಆಲೂಗಡ್ಡೆ ಮೂಟೆ, ಕುರಿ, ಹೊಗೆಗೆ ಒಣಗಿದ ಚಿಪ್ಪುಮಾಂಸದ ಸರ,
ಮದುವೆಗೆ ಹೊರಟ ಅಕಾರ್ಡಿಯನ್,
ಪಾದ್ರಿ: ಅವನಿಗೆ ಅರ್ಧ ದರ, ಅವನ ಹೇಸರಗತ್ತೆಗೆ ಪೂರ್ತಿ.

ಕಿರ್ದಿಯಲ್ಲಿ ಎರಡೇ ಕಂಬಸಾಲು:
ಎಡಕ್ಕೆ ಆಳು, ಬಲಕ್ಕೆ ಸರಕು.
ಲೋಕವೆಲ್ಲ ಅವೆರಡರಲ್ಲೇ ಹಿಡಿಸಬೇಕೆಂಬ ಹಠ ಓಟೀಲಿಯಾಗೆ.
ಮೊಲೆಗೂಸು? ಬರೆಯಬೇಡ.
ಕೋಳಿ? ಮಡಿಲಲ್ಲಿದ್ದರೆ ಬೇಡ, ಬುಟ್ಟಿಯಲ್ಲಿದ್ದರೆ ಸರಕು.

ಒಮ್ಮೆ ಒಂದು ಮನೆ ಬಂತು.
ಹೌದು, ಮನೆ. ಮೈತುಂಬ ಮರದ ಬಿಲ್ಲೆ ಹೊದ್ದದ್ದು,
ಊರಿಗೆ ಊರೇ ಸೇರಿ ಎತ್ತು ಹೂಡಿ ದಡದವರೆಗೆ ಎಳೆದದ್ದು.
ಪೀಪಾಯಿ ಬಿಗಿದು ನೀರಿಗಿಳಿಸಿ
ದೋಣಿಯ ಬಾಲಕ್ಕೆ ಕಟ್ಟಿಕೊಂಡು ಹೊರಟಳು ಎದುವಿಖೆಸ್.
ಒಳಗೊಬ್ಬಳು ಮುದುಕಿ, ಇಳಿಯೆನೆಂದವಳು, ಒಲೆಯನ್ನೂ ಆರಿಸದವಳು.
ಹೊಗೆ ಬಿಡುತ್ತ ತೇಲಿತು ಮನೆ, ಮಧ್ಯಾಹ್ನದ ಅಡುಗೆ ಮಾಡಿಕೊಳ್ಳುತ್ತ.
ಕಿರ್ದಿಯಲ್ಲಿದೆ ಇವತ್ತಿಗೂ:
ಮನೆ ಒಂದು, ಸರಕು. ಮುದುಕಿ ಒಬ್ಬಳು, ಆಳು.

ಆಮೇಲೆ ಎಂಜಿನ್ ಬಂತು, ಎಂಜಿನ್ನಿಗೆ ಸಾಲ ಬಂತು.
ಸಮುದ್ರ ಎದ್ದುನಿಂತ ವರ್ಷ ಇದ್ದೆರಡು ದೋಣಿಯೂ
ಇಗರ್ಜಿಯ ಅಂಗಳದಲ್ಲಿ ಸಿಕ್ಕವು, ಮಗ್ಗುಲಾಗಿ.
ಆ ಹನ್ನೆರಡು ದಿನ ಕಿರ್ದಿ ಖಾಲಿ.
ಟಿಕೆಟ್ ಕೇಳಲಿಲ್ಲ ಯಾರೂ ಯಾರನ್ನೂ.
ಮತ್ತೆ ಕಬ್ಬಿಣದ್ದು, ಬಾಯಿ ತೆರೆದು ಲಾರಿ ನುಂಗುವಂಥದ್ದು.

ಮಾಲೀಕರೆ, ನೀವು ಕೇಳಿದ್ದು ಇದಲ್ಲ, ಗೊತ್ತು.
ನಾನು ಸೇರಿದ ಮೊದಲ ವಾರ,
ಜುಲೈ ಚಳಿಯಲ್ಲಿ ಒಂದು ಶವಪೆಟ್ಟಿಗೆ ಬಂತು ತೆಂಕಲಿಂದ.
ಲಾದಿಸ್ಲಾವೊ ನಾವೆಲ್ಕಿನ್, ಉಣ್ಣೆ ಕತ್ತರಿಸಲು
ಪಟಗೋನಿಯಾಕ್ಕೆ ಹೋದವನು, ಒಂದು ಹಂಗಾಮಿಗೆಂದು,
ಹತ್ತೊಂಬತ್ತು ವರ್ಷದ ಕೆಳಗೆ.
ಪೆಟ್ಟಿಗೆಯೆಂದರೆ ತೂಕ, ನಿಯಮ ನನಗೆ ಬಾಯಿಪಾಠ.
ತಕ್ಕಡಿಗೆ ಹಾಕಿಸಿದೆ. ನೂರ ಹದಿನಾಲ್ಕು ಕಿಲೊ.
ಹೆಂಡತಿ ಬ್ರಿಹಿದಾ ಮಾತಾಡಲಿಲ್ಲ,
ಕೋಟಿನೊಳಗಿಂದ ಒಂದು ಹಳದಿ ಚೀಟಿ ತೆಗೆದಿಟ್ಟಳು:
ಹೋಗಿಬರುವ ಟಿಕೆಟ್ಟಿನ ಬರುವ ಅರ್ಧ. ಅವನ ಜೇಬಲ್ಲಿತ್ತಂತೆ.

ಓಟೀಲಿಯಾ ಕನ್ನಡಕ ಒರೆಸಿದಳು. ಬೆಳಕಿಗೆ ಹಿಡಿದಳು.
ಇದಕ್ಕೆ ಅವಧಿ ಬರೆದಿದ್ದೇವಾ?
ಇಲ್ಲಮ್ಮ.
ಮತ್ತೆ?
ನನ್ನ ಅಂಕಿಯ ಮೇಲೆ ಗೀಟೆಳೆದು
ಎಡಸಾಲಿನಲ್ಲಿ ತನ್ನ ಕೈಯಾರೆ ಬರೆದಳು:
ಆಳು ಒಬ್ಬ.
ಬೆಂಚಿನ ಮೇಲೆ ಮಲಗಿಸಿ ಎಂದು ಗದರಿದಳು, ಕೆಳಗಿನ ಸರಕುಗೂಡಲ್ಲಲ್ಲ.
ಜನ ಸರಿದು ಕೂತರು. ಒಂದು ಹುಡುಗ ಗೊಣಗಿತು,
ಕಿಟಕಿ ಪಕ್ಕದ ಜಾಗ ಅವನಿಗೇ ಯಾಕೆ.

ಈಗ ಟಿಕೆಟ್ಟಿಗೆ ಇಪ್ಪತ್ತನಾಲ್ಕು ಗಂಟೆ ಆಯುಸ್ಸು, ಯಂತ್ರವೇ ಹಾಕುತ್ತದೆ.
ಜಲಸಂಧಿಯಲ್ಲಿ ಸೇತುವೆಯ ಕಾಲುಗಳು ಎದ್ದಿವೆ.
ರಾತ್ರಿ ಕೂತು ಹಳೆಯ ಕಿರ್ದಿಗಳನ್ನು ಎಣಿಸಿದೆ:
ಮರಳದ ಅರ್ಧಗಳು ನಾನೂರ ಆರು.
ಅದು ಸಾಲವೋ ಆಸ್ತಿಯೋ, ನಿಮ್ಮ ಲೆಕ್ಕಿಗರನ್ನು ಕೇಳಿ.
ಸೇತುವೆ ದಾಟಿಯೇ ಬರಲಿ ಬೇಕಾದರೆ, ಚೀಟಿ ತೋರಿಸಿದರೆ
ಇಲ್ಲ ಎನ್ನುವ ಹಕ್ಕು ನಿಮಗಿಲ್ಲ.

ಟನ್ನುಗಳ ಪಟ್ಟಿ ಬೇರೆ ಕಳಿಸಿದ್ದೇನೆ.
ಚಿತ್ರ ನಾಲ್ಕರಲ್ಲಿ ಮೂರು ಮಸುಕು.
ನಾಲ್ಕನೆಯದರಲ್ಲಿ ನೀರ ಮೇಲೊಂದು ಬಿಳಿಯ ಕಲೆ ಕಾಣುತ್ತದಲ್ಲ,
ಅಚ್ಚಿನವರು ಅಳಿಸಿಬಿಟ್ಟಾರು, ಹೇಳಿಬಿಡಿ,
ಅದು ಹೊಗೆ.